ಹುಣಸೆ ಬೀಜದ ಅಂಟು, ಕಂಬಳಿಯ ರಟ್ಟು

ಹುಣಸೆ ಬೀಜವನ್ನು ಸಿಪ್ಪೆ ಬಿರಿಯುವವರೆಗೆ ಹುರಿದು, ನೀರಲ್ಲಿ ನೆನೆಹಾಕಿ, ಕಂದು ಸಿಪ್ಪೆಯನ್ನು ಉಜ್ಜಿ ತೆಗೆದು, ಒಳಗಿನ ಬಿಳಿ ಬೇಳೆಯನ್ನು ನುಣ್ಣಗೆ ರುಬ್ಬಿ ಕುದಿಸಿದರೆ ಗಟ್ಟಿ ಗಂಜಿಯಂಥ ಅಂಟು ಬರುತ್ತದೆ. ಕಂಬಳಿ ನೇಯುವ ಹಾಲುಮತದ ಮನೆಗಳಲ್ಲಿ ಹಾಸಿನ ನೂಲಿಗೆ ಬಳಿಯುವುದು ಇದನ್ನೇ. ಬಳಿದರೆ ಉಣ್ಣೆಯ ಎಳೆ ಬಿಗಿಯುತ್ತದೆ, ಜುಂಗು ಏಳುವುದಿಲ್ಲ, ನೇಯುವಾಗ ಹರಿಯುವುದಿಲ್ಲ. ಬ್ಯಾಡಗಿಗೂ ರಾಣೆಬೆನ್ನೂರಿಗೂ ನಡುವಿನ ದೇವರಗುಡ್ಡದಲ್ಲಿ, ಮಾಲತೇಶನ ಗುಡಿಯ ಮುಂದೆ ಡಮರುಗ ಹಿಡಿದು ನಿಂತ ಗೊರವಯ್ಯನ ಮೈಮೇಲಿನ ಕರಿ ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಿದವರಿಗೆ ಆ ಬಿಗುವಿನ ಪರಿಚಯ ಇರುತ್ತದೆ. ಇದೇ ಅಂಟಿನಿಂದ ಕನ್ನಡನಾಡು ಒಂದು ಕಾಲಕ್ಕೆ ಪುಸ್ತಕವನ್ನೂ ಮಾಡುತ್ತಿತ್ತು.

ಆ ಪುಸ್ತಕ ಕಡತ. ಇಂದಿನ ಕಚೇರಿಯ ಫೈಲಲ್ಲ, ಬಟ್ಟೆಯ ಪುಸ್ತಕ. ಹತ್ತಿಯ ಉದ್ದನೆ ಬಟ್ಟೆಗೆ ಎರಡೂ ಬದಿ ಹುಣಸೆ ಬೀಜದ ಅಂಟು ಬಳಿದು, ಇದ್ದಿಲ ಪುಡಿಯಿಂದ ಕಪ್ಪು ಮಾಡಿ ಒಣಗಿಸುತ್ತಿದ್ದರು. ಚೆನ್ನಾಗಿ ಒಣಗಿದ ಮೇಲೆ ಎಲ್ಲಿಯೂ ಕತ್ತರಿಸದೆ ಒಂದೇ ಅಳತೆಗೆ ಹಿಂದೆ ಮುಂದೆ ಮಡಿಸುತ್ತ ಹೋದರೆ ಹಾಳಿಗಳ ಕಟ್ಟು ಸಿದ್ಧ. ಮೇಲೊಂದು, ಕೆಳಗೊಂದು ಮರದ ಹಲಗೆ. ಬರೆಯಲು ಬಳಪ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತಾನು ಕಂಡ ಕಡತವನ್ನು ತನ್ನ ಇತಿಹಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅದರ ಮೊದಲ ಸಂಪುಟ ಬಂದದ್ದು 1810ರಲ್ಲಿ. ಅವನು ಕೊಟ್ಟ ಅಳತೆಯಂತೆ ಬಟ್ಟೆಯ ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ. ನಮ್ಮ ಲೆಕ್ಕದಲ್ಲಿ 8ರಿಂದ 12 ಮೊಳ. ಉಳ್ಳವರ ಕಡತದ ಹಲಗೆಗೆ ಬಣ್ಣ, ಮೆರುಗು, ಮೇಲೆ ರೇಷ್ಮೆಯ ಚೀಲ. ಇಲ್ಲದವರದಕ್ಕೆ ಒಂದು ದಾರ.

ಕಡತದ ದೊಡ್ಡ ಗುಣ ಎಂದರೆ, ಬರೆದದ್ದನ್ನು ಪಾಟಿಯ ಮೇಲಿನಂತೆ ಅಳಿಸಿ ಮತ್ತೆ ಬರೆಯಬಹುದು. ಅಳಿಸದಿದ್ದರೆ ಅಕ್ಷರ ತಲೆಮಾರುಗಳ ಕಾಲ ನಿಲ್ಲುತ್ತದೆ. ಅಂಗಡಿಕಾರರು ಲೆಕ್ಕ ಬರೆದರು, ಶಾನುಭೋಗರು ಕಂದಾಯ ಬರೆದರು, ಮಠಗಳು ತಮ್ಮ ವ್ಯವಹಾರ ಬರೆದವು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಓದಲು ಬರುತ್ತವೆ, ಇತಿಹಾಸಕಾರ ಡಾ. ಎ.ಕೆ. ಶಾಸ್ತ್ರಿ ಅವುಗಳಿಂದ ಆಯ್ದು ಸಂಪಾದಿಸಿ ಪ್ರಕಟಿಸಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ, ಅಲೆಗ್ಸಾಂಡರನ ನೌಕಾಪಡೆಯ ಮುಖ್ಯಸ್ಥ ನಿಯಾರ್ಕಸ್ ಭಾರತದವರು ಬಿಗಿಯಾಗಿ ಬಡಿದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆಂದು ಹೇಳಿದ ಮಾತು ಗ್ರೀಕ್ ಗ್ರಂಥಗಳಲ್ಲಿ ಉಳಿದುಬಂದಿದೆ. ಬಳಪದ ಕಲ್ಲಂತೂ ನಮ್ಮ ಸೀಮೆಗೆ ಹೊರಗಿನದೇ ಅಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ, ಹಾವೇರಿಯ ಸಿದ್ಧೇಶ್ವರ, ಗಳಗನಾಥದ ಗಳಗೇಶ್ವರ ಗುಡಿಗಳಲ್ಲಿ ಉಳಿ ಅಷ್ಟು ನವಿರಾಗಿ ಆಡಿರುವುದು ಅದೇ ಜಾತಿಯ ಮೆದುಗಲ್ಲಿನ ಮೇಲೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಬೆಂಗಳೂರು, ಮೈಸೂರಿನ ಕರಕುಶಲ ಮಳಿಗೆಗಳಲ್ಲಿ ಕೈಯಿಂದ ಮಾಡಿದ ದಿನಚರಿ ಪುಸ್ತಕಗಳಿಗೆ ಈಗ ಒಳ್ಳೆಯ ಬೇಡಿಕೆಯಿದೆ. ಹೊಲಿದ ಬೆನ್ನು, ಹಳೆಯ ಸೀರೆಯ ರಟ್ಟು, ಒರಟು ಅಂಚಿನ ಕಾಗದ. ಅವನ್ನು ಮಾಡುವ ಎಳೆಯರ ಬಗ್ಗೆ ನನಗೆ ಗೌರವವಿದೆ. ಆದರೆ ಹೊಸ ಕಾಗದವನ್ನು ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತು ಮಾಡುವುದು, ಹೊಸ ಬಟ್ಟೆಯನ್ನು ಕೊಂಡು ತಂದು ತುಂಡು ಮಾಡಿ ತೇಪೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ನಿಜವಾಗಿ ಉಳಿದುಹೋದದ್ದರಿಂದ ಬರೆಯುವ ಪುಸ್ತಕ ಮಾಡಲು ಬೇಕಾದ ಎಲ್ಲವೂ ದೇವರಗುಡ್ಡದ ಸುತ್ತ ಇವೆ: ಅಂಟು, ದಾರ, ರಟ್ಟು, ಹಾಳಿ, ಕೈಗಳಲ್ಲಿ ಹೊಲಿಗೆ. ಬರೆದಿಡಬೇಕಾದ ಸಂಗತಿಗಳೂ ಇವೆ.

ಮೊದಲು ಹಾಳಿ. ನಮ್ಮ ಕಡೆ ಮಾರ್ಚ್ ಪರೀಕ್ಷೆ ಮುಗಿದ ಮೇಲೆ ಪ್ರತಿ ಮನೆಯಲ್ಲೂ ಒಂದು ಕೆಲಸ ಇರುತ್ತಿತ್ತು. ಮಕ್ಕಳ ಪಟ್ಟಿಗಳನ್ನೆಲ್ಲ, ಅಂದರೆ ನೋಟ್‌ಬುಕ್ಕುಗಳನ್ನೆಲ್ಲ, ಗುಡ್ಡೆ ಹಾಕಿಕೊಂಡು ಬರೆಯದೆ ಉಳಿದ ಹಾಳಿಗಳನ್ನು ಬೇರೆ ಮಾಡುವುದು. "ಬಿಳಿ ಹಾಳಿ ಒಗೀಬ್ಯಾಡ, ಮುಂದಿನ ವರ್ಷಕ್ಕ ಕಚ್ಚಾ ಪಟ್ಟಿ ಆಗತೈತಿ" ಎನ್ನುತ್ತಿದ್ದಳು ಅವ್ವ. ದಬ್ಬಣದಿಂದ ಅಂಚಿಗೆ ನಾಲ್ಕೈದು ತೂತು, ಚೀಲ ಹೊಲಿಯುವ ದಾರ, ಮೇಲೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು. ಅಂಗಡಿಯ ಪಟ್ಟಿಗಿಂತ ಅದೇ ಹೆಚ್ಚು ದಿನ ಬಾಳುತ್ತಿತ್ತು.

ಆ ಅಂಚಿನ ಹೊಲಿಗೆಗೆ ಒಂದೇ ಕೊರತೆ: ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ನಡುವಿನ ಎರಡು ಬೆರಳಷ್ಟು ಜಾಗ ಹೊಲಿಗೆಯಲ್ಲೇ ಹೋಗುತ್ತದೆ, ಬರೆಯುವಾಗ ಇನ್ನೊಂದು ಕೈಯಿಂದ ಒತ್ತಿ ಹಿಡಿಯಬೇಕು. ನಡು ಮಡಿಕೆಯಲ್ಲಿ ಹೊಲಿದರೆ ಈ ತೊಂದರೆ ಇಲ್ಲ. ಆದರೆ ಪಟ್ಟಿಯಲ್ಲಿ ಉಳಿದ ಹಾಳಿಗೆ ನಡು ಮಡಿಕೆ ಎಲ್ಲಿಂದ ಬರಬೇಕು? ಪಿನ್ನು ಹೊಡೆದ ಪಟ್ಟಿಯ ಕೊನೆಯ ಹಾಳಿಯ ಜೋಡಿ ಮೊದಲ ಹಾಳಿ. ಮೊದಲಿನದು ತುಂಬಿರುತ್ತದೆ, ಕೊನೆಯದು ಖಾಲಿ. ಅರ್ಧಕ್ಕಿಂತ ಹೆಚ್ಚು ಬರೆದ ಪಟ್ಟಿಯಲ್ಲಿ ಸಿಗುವುದೆಲ್ಲ ಒಂಟಿ ಹಾಳಿಗಳೇ. ಇದಕ್ಕೆ ಬೈಂಡಿಂಗ್ ಬಲ್ಲವರ ಬಳಿ ಸುಲಭದ ದಾರಿಯಿದೆ. ಎರಡು ಒಂಟಿ ಹಾಳಿಗಳನ್ನು ಪಕ್ಕಪಕ್ಕ, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟು ಇಟ್ಟು, ಬೆರಳಗಲದ ತೆಳು ಕಾಗದವನ್ನು ಉದ್ದಕ್ಕೂ ಅಂಟಿಸುವುದು. ಒಣಗಿದ ಮೇಲೆ ಅದು ಮಡಿಕೆಯಿರುವ ಒಂದೇ ದೊಡ್ಡ ಹಾಳಿ. ಹುಳು ತಿಂದ ಹಳೆಯ ಗ್ರಂಥಗಳನ್ನು ಸರಿಪಡಿಸುವವರು ಮಾಡುವುದೂ ಇದೇ ಕೆಲಸ.

ಇಂಥ ಐದು ಜೋಡಿ ಹಾಳಿಗಳನ್ನು ಒಂದರೊಳಗೊಂದು ಕೂರಿಸಿದರೆ ಒಂದು ಮಡಿಕೆ. ಮುದ್ರಣಾಲಯದವರು ಫಾರಂ ಎನ್ನುತ್ತಾರೆ. ಹೊಸ ದೊಡ್ಡ ಹಾಳೆಯನ್ನೇ ಮಡಿಸುವುದಾದರೆ ಕಾಗದದ ಎಳೆ ಯಾವ ಕಡೆ ಓಡಿದೆ ಎಂದು ನೋಡಿಕೊಳ್ಳಬೇಕು. ಹಾಳೆಯನ್ನು ಮುರಿಯದೆ ಅರ್ಧಕ್ಕೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಅದುಮಿದರೆ ಒಂದು ದಿಕ್ಕಿಗೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ದಿಕ್ಕಿಗೆ ಸೆಟೆಯುತ್ತದೆ. ಸಲೀಸಾಗಿ ಬಗ್ಗಿದ ಕಡೆಗೇ ಪುಸ್ತಕದ ಬೆನ್ನು ಬರಬೇಕು. ಈ ಒಂದನ್ನು ಮರೆತರೆ ಮೊದಲ ಮಳೆಗಾಲಕ್ಕೇ ಹಾಳೆಗಳು ಅಲೆಯೆದ್ದು ರಟ್ಟನ್ನು ಎತ್ತಿಬಿಡುತ್ತವೆ.

ಪ್ರತಿ ಮಡಿಕೆಯ ಬೆನ್ನಿಗೆ ಒಂದೇ ಅಳತೆಯಲ್ಲಿ ತೂತು ಮಾಡಿಕೊಂಡು, ಜೇನುಮೇಣ ಸವರಿದ ಹತ್ತಿ ದಾರದಿಂದ ಹೊಲಿಯುತ್ತಾರೆ. ದಾರ ಒಳಗಿಂದ ಹೊರಬಂದು, ಕೆಳಗಿನ ಮಡಿಕೆಯ ಹೊಲಿಗೆಯನ್ನು ಸುತ್ತಿ, ಮತ್ತೆ ಅದೇ ತೂತಿನಲ್ಲಿ ಒಳಗೆ ಹೋಗುತ್ತದೆ. ಹೀಗೆ ಒಂದರ ಮೇಲೊಂದು ಮಡಿಕೆ ಏರಿದಂತೆ ಬೆನ್ನ ಮೇಲೆ ಸರಪಳಿ ಮೂಡುತ್ತದೆ. ಎಳೆಯುವಾಗ ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಬೇಕು. ನೇರ ಮೇಲಕ್ಕೆ ಎಳೆದರೆ ಕಾಗದ ಹರಿಯುತ್ತದೆ. ಬಿಗಿ ಹೆಚ್ಚಾದರೆ ಪುಸ್ತಕ ಬಾಗುತ್ತದೆ, ಸಡಿಲಾದರೆ ಹಾಳಿ ಜೋತುಬೀಳುತ್ತದೆ. ಎಷ್ಟು ಬಿಗಿ ಎನ್ನುವುದನ್ನು ಬರೆದು ತಿಳಿಸಲಾಗದು, ಮೂರನೆಯ ಮಡಿಕೆಯ ಹೊತ್ತಿಗೆ ಬೆರಳಿಗೇ ಗೊತ್ತಾಗುತ್ತದೆ. ಕೌದಿ ಹೊಲಿದ ಕೈಗಂತೂ ಇದು ಆಟ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ, ಅಂಚಿನಿಂದ ನಡುವಿಗೆ ಸಾಲು ಸಾಲಾಗಿ ಸೂಜಿ ಓಡಿಸುವ ನಮ್ಮ ಊರುಗಳ ಅಜ್ಜಿಯರಿಗೆ ಪುಸ್ತಕ ಹೊಲಿಯಲು ಯಾರೂ ತರಬೇತಿ ಕೊಡಬೇಕಾಗಿಲ್ಲ. ಒಮ್ಮೆ ತೋರಿಸಿದರೆ ಸಾಕು.

ಹಾಳಿ ಮಡಿಸಿ ಕಟ್ಟಿದ ಪುಸ್ತಕ ಬಹು ಹಳೆಯದು. 1945ರ ಡಿಸೆಂಬರಿನಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಊರಿನ ಬಳಿ ಮಣ್ಣಿನ ಗಡಿಗೆಯೊಂದರಲ್ಲಿ ತೊಗಲಿನ ಹೊದಿಕೆಯ ಪುಸ್ತಕಗಳು ಸಿಕ್ಕವು. 4ನೇ ಶತಮಾನದವು. ಅವುಗಳ ತೊಗಲಿನ ಒಳಗೆ ರಟ್ಟು ಗಟ್ಟಿಯಾಗಲೆಂದು ತುಂಬಿದ್ದದ್ದು ಕೆಲಸ ಮುಗಿದ ಕಾಗದಗಳನ್ನು, ಅಂದರೆ ಆ ಕಾಲದ ಪಪೈರಸ್ ರದ್ದಿಯನ್ನು: ಖಾಸಗಿ ಪತ್ರಗಳು, ವ್ಯಾಪಾರದ ರಶೀದಿಗಳು. ಆ ರದ್ದಿಯ ಮೇಲಿದ್ದ ತಾರೀಖುಗಳೇ ಪುಸ್ತಕದ ಕಾಲ ಹೇಳಲು ವಿದ್ವಾಂಸರಿಗೆ ನೆರವಾದವು. ರದ್ದಿ ಎಂದು ಒಳಗೆ ತುರುಕಿದ ಚೀಟಿಯೇ 1,600 ವರ್ಷಗಳ ಮೇಲೆ ಸಾಕ್ಷಿ ಹೇಳಿತು. ನಾವು ರಟ್ಟಿನೊಳಗೆ ಇಡುವ ಹಳೆಯ ಪಹಣಿ, ಲಗ್ನಪತ್ರಿಕೆ, ಮೆಣಸಿನಕಾಯಿ ಪಟ್ಟಿಯ ಚೀಟಿಗಳ ಬಗ್ಗೆ ಸ್ವಲ್ಪ ಯೋಚಿಸಿ ಇಡುವುದು ಒಳ್ಳೆಯದು.

ರಟ್ಟಿಗೆ ಏನು ಬಳಸಬಹುದು ಎಂದು ಕೇಳುವವರು ಬ್ಯಾಡಗಿ ಪೇಟೆಯಲ್ಲಿ ಒಂದು ಸುತ್ತು ಹಾಕಬೇಕು. ಸೋಮವಾರ, ಗುರುವಾರದ ಮಾರುಕಟ್ಟೆಯಲ್ಲಿ ಚೀಲಗಳ ಗುಡ್ಡವೇ ಬೀಳುತ್ತದೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ಸುಕ್ಕುಗಟ್ಟಿದ ಕೆಂಪು ಮೆಣಸಿನಕಾಯಿಯನ್ನು ಹೊತ್ತು ತಂದ ಸೆಣಬಿನ ಚೀಲ ಹರಿದ ಮೇಲೂ ಅಂಚಿನ ಕಡೆ ಗಟ್ಟಿಯಾಗಿಯೇ ಇರುತ್ತದೆ. ತೊಳೆದು, ಒಣಗಿಸಿ, ಹಿಂದೆ ಹಳೆಯ ಅಂಗಿಯ ಬಟ್ಟೆ ಅಂಟಿಸಿದರೆ ಒಳ್ಳೆಯ ಹೊದಿಕೆ. ಘಾಟು ಹೋಗಲು ಎರಡು ಮೂರು ನೀರು ಬೇಕು, ಕೈಗೆ ಚೀಲ ಹಾಕಿಕೊಂಡೇ ತೊಳೆಯಬೇಕು. ಕಂಬಳಿಯ ಅಂಚು ಇನ್ನೂ ಚೆಂದ: ಒರಟು, ಬೆಚ್ಚಗೆ, ಬಣ್ಣ ಹಾಕದ ಕರಿಯುಣ್ಣೆ. ಆದರೆ ಉಣ್ಣೆಗೆ ನುಸಿ ಬರುತ್ತದೆಂಬುದನ್ನು ಮರೆಯಬಾರದು. ಲಗ್ನಪತ್ರಿಕೆಯ ದಪ್ಪ ಕಾಗದ ಎರಡು ಮೂರು ಪದರ ಸೇರಿಸಿದರೆ ಅದೇ ರಟ್ಟು. ಇಳಕಲ್ ಸೀರೆ ಹರಿದರೂ ಅದರ ಸೆರಗು ಹರಿಯುವುದಿಲ್ಲ. ಅದನ್ನು ಬೆನ್ನಿಗೆ ಹಾಕಿದ ಪುಸ್ತಕವನ್ನು ಬಳಸುವ ಮಗಳಿಗೆ ಅದು ಯಾರ ಸೀರೆ ಎಂದು ಗೊತ್ತಿರುತ್ತದೆ.

ಅಂಟಿನ ಮಾತು ಇನ್ನೂ ಇದೆ. ಪೇಟೆಯ ಬೈಂಡರುಗಳು ಮೈದಾ ಹಿಟ್ಟನ್ನು ಕುದಿಸಿ ಮಾಡುವ ಅಂಟಿಗೆ ಚಿಟಿಕೆ ಮೈಲುತುತ್ತ ಸೇರಿಸುತ್ತಾರೆ, ಜಿರಲೆ, ಹುಳು ಹತ್ತದಿರಲೆಂದು. ಮೈಲುತುತ್ತ ವಿಷ. ಮಕ್ಕಳ ಜೊತೆ ಕುಳಿತು ಮಾಡುವಾಗ ಅದು ಬೇಡ. ಓಲೆಗರಿ ಕಟ್ಟುಗಳನ್ನು ಕಾಪಾಡಿದ ಮನೆಗಳಲ್ಲಿ ಬಜೆಯ ಬೇರು, ಬೇವಿನ ಒಣ ಎಲೆ ಇಟ್ಟು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ದೇವರಗುಡ್ಡದಲ್ಲಿ ಭಕ್ತರು ತೂರುವ ಭಂಡಾರವೂ ಅರಿಶಿನವೇ, ಹುಳುವಿಗೆ ಆಗದ ವಸ್ತು. ಹುಣಸೆ ಅಂಟಿಗೆ ಒಂದಿಷ್ಟು ಅರಿಶಿನ ಕಲಸಿ ಮಾಡಿದರೆ ರಟ್ಟಿನ ಒಳಬದಿ ಹಳದಿಯಾಗುತ್ತದೆ, ಅಷ್ಟೇ. ಅಂಟಿಸಿದ ಮೇಲೆ ಒಂದು ರಾತ್ರಿ ಬೀಸುಕಲ್ಲಿನ ಅಡಿ ಇಡಬೇಕು. ಬಿಸಿಲಿಗಿಟ್ಟರೆ ರಟ್ಟು ಸೊಟ್ಟಗಾಗುತ್ತದೆ.

ಕಾಗದದ ಬಗ್ಗೆ ಇಷ್ಟು ಎಚ್ಚರ ಏಕೆ ಎಂದು ನಮ್ಮ ಜಿಲ್ಲೆಯವರು ಕೇಳಬಾರದು. ಹಿಂದೆ ಬಟ್ಟೆಯ ಚಿಂದಿಯಿಂದ ಕಾಗದ ಆಗುತ್ತಿತ್ತು. ಹತ್ತಿಯ ಉದ್ದ ನಾರಿನ ಆ ಕಾಗದ ಶತಮಾನಗಳಾದರೂ ಪುಡಿಯಾಗುವುದಿಲ್ಲ. ಈಗ ತಿರುಗುಮುರುಗಾಗಿದೆ. ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲೇ, ಕುಮಾರಪಟ್ಟಣದಲ್ಲಿ, 1970ರ ದಶಕದಿಂದ ಮರವನ್ನು ತಿರುಳು ಮಾಡಿ ಬಟ್ಟೆಯ ನೂಲಿಗೆ ಕಳಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಿದೆ. ಆ ತಿರುಳಿಗೆ ಬೇಕಾದ ನೀಲಗಿರಿಗಾಗಿ ಊರೊಟ್ಟಿನ ಜಮೀನುಗಳನ್ನು ಬಿಟ್ಟುಕೊಟ್ಟಾಗ ಜನ ಎದ್ದುನಿಂತರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಸಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ಹಚ್ಚಿದರು. ಆ ನೆಲಗಳನ್ನು ಪಡೆದಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿ 1991ರಲ್ಲಿ ಮುಚ್ಚಿತು. ತಿರುಳಿಗೆ ನೆಲ ಕೊಡುವುದೆಂದರೆ ಏನೆಂದು ಕಂಡ ಸೀಮೆ ನಮ್ಮದು. ಕಾಗದವೂ ತಿರುಳಿನದೇ. ಅರ್ಧ ತುಂಬಿದ ಪಟ್ಟಿಯನ್ನು ರದ್ದಿಗೆ ತೂಕಕ್ಕೆ ಹಾಕುವಾಗ ನನಗೆ ಕುಸನೂರು ನೆನಪಾಗುತ್ತದೆ.

ಹಾಳಿಯ ಎರಡೂ ಬದಿ ಬಳಸುವ ಶಿಸ್ತನ್ನು ಗಾಂಧೀಜಿ ಜೀವನವಿಡೀ ಪಾಲಿಸಿದರು. ಬಂದ ಲಕೋಟೆಗಳನ್ನು ಬಿಡಿಸಿ ಒಳಬದಿಯಲ್ಲಿ ಬರೆಯುತ್ತಿದ್ದರು. 1934ರಲ್ಲಿ ವಾರ್ಧಾದಲ್ಲಿ ಅವರು ಆರಂಭಿಸಿದ ಗ್ರಾಮೋದ್ಯೋಗ ಸಂಘ ಕೈಕೆಲಸದ ಕಾಗದವನ್ನೂ ತನ್ನ ಉದ್ಯೋಗಗಳಲ್ಲಿ ಸೇರಿಸಿಕೊಂಡಿತು. 1930ರ ದಂಡಿ ಯಾತ್ರೆಯಲ್ಲಿ ನಡೆದವರಿಗೆ ದಿನವೂ ಮೂರು ಕೆಲಸ ಕಡ್ಡಾಯ: ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು. ಆ ಯಾತ್ರೆಯಲ್ಲಿದ್ದ ಕರ್ನಾಟಕದ ಒಬ್ಬನೇ ತರುಣ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಹುಟ್ಟಿದ್ದು 1911ರಲ್ಲಿ, ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ನೂಲುವ ಕೈಯೂ ಬರೆಯುವ ಕೈಯೂ ಒಂದೇ ಆಗಿರಬೇಕೆಂಬ ಆ ನಿಯಮ ನನಗೆ ಬಹಳ ಹಿಡಿಸುತ್ತದೆ.

ಇನ್ನು ಬರೆಯುವುದೇನು? ಬ್ಯಾಡಗಿಯ ದಲಾಲಿ ಅಂಗಡಿಗಳಲ್ಲಿ ಕೀರ್ದಿ, ಖತಾವಣಿಗಳು ಕೆಂಪು ಬಟ್ಟೆಯ ರಟ್ಟಿನಲ್ಲಿ ಬರುತ್ತಿದ್ದವು. ದೀಪಾವಳಿಯ ಪೂಜೆಗೆ ಹೊಸ ಖಾತೆಯ ಮೊದಲ ಹಾಳಿಗೆ ಕುಂಕುಮ ಹಚ್ಚಿ ಶ್ರೀಕಾರ ಬರೆಯುತ್ತಿದ್ದರು. ಲೆಕ್ಕ ಈಗ ಕಂಪ್ಯೂಟರಿಗೆ ಹೋಗಿದೆ, ಪೂಜೆಗೆ ಮಾತ್ರ ಒಂದು ಪುಸ್ತಕ ಬರುತ್ತದೆ. ಹಾಗೆ ಪೂಜೆಗೊಂಡು ಖಾಲಿ ಉಳಿದ ಖಾತೆಗಳು ಎಷ್ಟೋ ಅಂಗಡಿಗಳ ಅಟ್ಟದಲ್ಲಿರುತ್ತವೆ. ದಪ್ಪ ಕಾಗದ, ಗಟ್ಟಿ ಹೊಲಿಗೆ. ದಿನಚರಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ದೇವರಗುಡ್ಡದವರಿಗಂತೂ ಬರೆಯುವ ವಿಷಯವನ್ನು ಯಾರೂ ಹುಡುಕಿಕೊಡಬೇಕಾಗಿಲ್ಲ. ಪ್ರತಿ ವರ್ಷ ನವರಾತ್ರಿಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ, ನೆರೆದ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಾಗ, ಒಂದೇ ಒಂದು ಸಾಲಿನ ಕಾರ್ಣಿಕವನ್ನು, ಅಂದರೆ ಭವಿಷ್ಯವಾಣಿಯನ್ನು, ನುಡಿದು ಕೆಳಗೆ ಬೀಳುತ್ತಾನೆ. ಮಳೆ, ಬೆಳೆ, ರಾಜಕೀಯ ಎಂದು ಅದನ್ನು ಬಿಡಿಸಿ ಹೇಳುವವರು ಮರುದಿನ ಬೆಳಗಿನವರೆಗೂ ಮಾತಾಡುತ್ತಾರೆ. ಮರುವರ್ಷದ ಹೊತ್ತಿಗೆ ಹಿಂದಿನ ಸಾಲು ಬಹುಮಂದಿಗೆ ನೆನಪಿರುವುದಿಲ್ಲ. ಒಂದು ಮನೆಯಲ್ಲಿ ಒಂದು ಹೊಲಿದ ಪುಸ್ತಕ ಇಟ್ಟು, ವರ್ಷಕ್ಕೊಂದು ಹಾಳಿಯಂತೆ, ಆ ವರ್ಷದ ಕಾರ್ಣಿಕ, ಅಜ್ಜ ಅದಕ್ಕೆ ಹೇಳಿದ ಅರ್ಥ, ಮೃಗಶಿರ, ಆರಿದ್ರೆ ಮಳೆ ಬಂದ ಬಗೆ, ಗೋವಿನಜೋಳ, ಹತ್ತಿ, ಮೆಣಸಿನಕಾಯಿಗೆ ಸಿಕ್ಕ ಧಾರಣೆ ಬರೆಯುತ್ತ ಹೋದರೆ ಮೂವತ್ತು ವರ್ಷಕ್ಕೆ ಅದು ಊರಿನ ಬೇಸಾಯದ ಚರಿತ್ರೆ. ಗೊರವರ ಬಾಯಲ್ಲಿರುವ ಮೈಲಾರಲಿಂಗನ ಹಾಡುಗಳನ್ನು ಅವರ ಒಪ್ಪಿಗೆ ಕೇಳಿ ಬರೆದುಕೊಳ್ಳುವ ಮೊಮ್ಮಕ್ಕಳೂ ಬೇಕು. ಫೋನಿನಲ್ಲಿ ರೆಕಾರ್ಡ್ ಮಾಡುವುದು ಒಳ್ಳೆಯದೇ, ಮಾಡಲಿ. ಫೋನು ಎರಡು ವರ್ಷಕ್ಕೆ ಬದಲಾಗುತ್ತದೆ. ಶೃಂಗೇರಿಯ ಕಡತ ಇನ್ನೂ ಇದೆ.

ಪುಸ್ತಕವನ್ನು ಊರಿಂದೂರಿಗೆ ಮುಟ್ಟಿಸಿದ ದೊಡ್ಡ ಜೀವವೊಂದು ಈ ಜಿಲ್ಲೆಯಲ್ಲೇ ಆಗಿಹೋಗಿದೆ. ಕಾದಂಬರಿಕಾರ ಗಳಗನಾಥರು (1869–1942) ಪುಸ್ತಕ ಬರೆದು, ಅಚ್ಚು ಹಾಕಿಸಿ, ತಲೆಯ ಮೇಲೆ ಹೊತ್ತು ಮಾರಿದವರು. ಆ ದುಡಿಮೆಯ ನೆಲದಲ್ಲಿ ಇಂದು ಪುಸ್ತಕ ಕಟ್ಟುವವರು ಯಾರಿದ್ದಾರೆ? ಕಾಲೇಜಿನ ಪಕ್ಕದ ಝೆರಾಕ್ಸ್ ಅಂಗಡಿಯ ಹಿಂಬದಿಯಲ್ಲಿ, ಕೋರ್ಟಿನ ಎದುರಿನ ಓಣಿಯಲ್ಲಿ ಪ್ರಾಜೆಕ್ಟ್ ವರದಿ, ದಾಖಲೆ ಪುಸ್ತಕ, ಗ್ರಂಥಾಲಯದ ಹರಿದ ಸಂಪುಟಗಳನ್ನು ಕಟ್ಟುವ ಬೈಂಡರುಗಳು ಇನ್ನೂ ಇದ್ದಾರೆ. ಅವರ ಕೈಯಲ್ಲಿ ಹೊಲಿಗೆ ಇದೆ, ಗಿರಾಕಿ ಕೇಳುವುದು ಮಾತ್ರ ಸ್ಪೈರಲ್ ಮತ್ತು ಬಿಸಿ ಅಂಟಿನ ಬೈಂಡಿಂಗ್. ಬಿಸಿ ಅಂಟು ಒಣಗಿ ಸೀಳಿದರೆ ಹಾಳಿಗಳು ಒಂದೊಂದಾಗಿ ಉದುರುತ್ತವೆ. ಹೊಲಿದ ಪುಸ್ತಕದ ದಾರ ಹರಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಈ ಬೈಂಡರುಗಳಿಗೆ ಕೇಳಿದಷ್ಟು ಕೂಲಿ ಕೊಟ್ಟು ಶಾಲೆಗೆ ಒಂದು ದಿನ ಕರೆಸಬೇಕು. ಕರಕುಶಲ ಕಾರ್ಯಾಗಾರ ಎಂದು ನಗರದಿಂದ ಯಾರನ್ನೋ ಕರೆಸುವ ಮೊದಲು ಇವರನ್ನು ಕೇಳಬೇಕು.

ಲೆಕ್ಕ ಹಾಕಿ ನೋಡಿ. ಒಂದು ತರಗತಿಯಲ್ಲಿ 40 ಮಕ್ಕಳು. ವರ್ಷದ ಕೊನೆಗೆ ಪ್ರತಿಯೊಬ್ಬರ ಎಲ್ಲ ಪಟ್ಟಿಗಳಿಂದ ಸೇರಿ ಬರೀ 10 ಖಾಲಿ ಹಾಳಿ ಸಿಕ್ಕರೂ 400 ಹಾಳಿ. ಜೋಡಿ ಮಾಡಿದರೆ 200. ಐದೈದರಂತೆ 40 ಮಡಿಕೆ. ಹತ್ತು ಮಡಿಕೆಗೊಂದರಂತೆ ಕಟ್ಟಿದರೆ 200 ಪುಟಗಳ 4 ಪುಸ್ತಕ. ಒಂದು ಶಾಲೆಗೆ, ಒಂದು ಗೊರವಯ್ಯನ ಮನೆಗೆ, ಒಂದು ಗ್ರಂಥಾಲಯಕ್ಕೆ ಕೊಟ್ಟ ಮೇಲೂ ಇನ್ನೊಂದು ಉಳಿಯುತ್ತದೆ. ಹುಣಸೆ ಬೀಜ ಏಪ್ರಿಲ್ ತಿಂಗಳಲ್ಲಿ ಮನೆಮನೆಯ ಅಂಗಳದಲ್ಲೇ ಬಿದ್ದಿರುತ್ತದೆ, ಹಣ್ಣು ಬಿಡಿಸುವವರು ಅದನ್ನು ಬದಿಗೆ ತೆಗೆದಿಟ್ಟರೆ ಸಾಕು.